ಓದದೆ ಉಳಿಸಿಟ್ಟ ಹತ್ತು ಕಂತು

"ನನ್ನ ಹೆಂಡ್ತಿ ಬರೆದ ಕೊನೇ ಹತ್ತು ಕಂತು ಹೋಗ್ಬಿಟ್ಟಿವೆ. ಬೇಕಂತಲೇ ಹಾಳು ಮಾಡಿದಾರೆ," ಎಂದು ಹಡಗಿನ ಮೆಕ್ಯಾನಿಕ್ ಒಬ್ಬ ಸೋಮವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲೇ ನಿಂತು ಹೇಳಿದ. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ.

ನಮ್ಮ ಅತ್ತಿಗೆ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಅಚ್ಚುಕೂಟ ಮುಚ್ಚಿದರೂ ತಪ್ಪು ಹುಡುಕುವ ಚಾಳಿ ಹೋಗಲಿಲ್ಲ. ಕಳೆದದ್ದು, ಕದ್ದದ್ದು, ಮುಚ್ಚಿಟ್ಟದ್ದು ಏನಿದ್ದರೂ ಬೀದಿಯವರು ಅವರ ಹತ್ತಿರ ತರುತ್ತಿದ್ದರು. ಅವರ ಭೂತಗನ್ನಡಿಯ ಚೀಲ ಹೊತ್ತು ಹಿಂದೆ ಹಿಂದೆ ಅಲೆಯುವುದು ನನ್ನ ಪಾಲಿನ ಕೆಲಸ. ನನ್ನ ಹೊಲಿಗೆ ಯಂತ್ರಕ್ಕೆ ಧೂಳು ಹಿಡಿದದ್ದು ಅವರಿಂದಲೇ ಎಂದು ಆಗಾಗ ರೇಗಿಸುತ್ತಿದ್ದೆ.

ಅವನ ಹೆಂಡತಿ ಚಿತ್ರಗಾರ್ತಿ. ಮಗಳು ಹುಟ್ಟಿದಂದಿನಿಂದ, ತಮ್ಮ ಮನೆಯ ಬದುಕನ್ನೇ ನಾಲ್ಕು ಚೌಕಗಳ ಕಾಮಿಕ್ಸ್ ಮಾಡಿ ಪ್ರತಿ ಶುಕ್ರವಾರ ಅಂತರ್ಜಾಲದಲ್ಲಿ ಹಾಕುತ್ತಿದ್ದಳು. ನಡುಗಡಲಿನಲ್ಲಿ ಇಂಟರ್‌ನೆಟ್ ಎಲ್ಲಿಂದ ಬರಬೇಕು? ಅದಕ್ಕೇ ಗಂಡನ ಲ್ಯಾಪ್‌ಟಾಪಿಗೆ ಒಂದು ಉಚಿತ ತಂತ್ರಾಂಶ ಹಾಕಿಕೊಟ್ಟಿದ್ದಳು. ಬಂದರಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಅದು ಹೊಸ ಕಂತುಗಳನ್ನೆಲ್ಲ ಇಳಿಸಿ, ಸಂಖ್ಯೆ ಹಾಕಿ ಜೋಡಿಸಿಡುತ್ತಿತ್ತು. ಎಂಟು ತಿಂಗಳ ಹಿಂದೆ ಅವಳು ತೀರಿಕೊಂಡಾಗ ಅವನು ದಡ ಸೇರಲು ಹನ್ನೆರಡು ದಿನ ಹಿಡಿಯಿತು.

"ಕೊನೇ ಹತ್ತನ್ನ ನಾನು ಓದೇ ಇಲ್ಲ," ಎಂದ. "ಓದಿಬಿಟ್ರೆ ಅವಳು ಹೇಳೋದೆಲ್ಲ ಮುಗಿದೇ ಹೋಗುತ್ತಲ್ಲ ಅಂತ ಇಟ್ಕೊಂಡಿದ್ದೆ. ಈ ಸಲ ಹಡಗಿನಲ್ಲಿ ಓದೋಣ ಅಂತಿದ್ದೆ. ಗುರುವಾರ ಹೊರಡಬೇಕು. ನಿನ್ನೆ ಸಾಮಾನು ಕಟ್ಟುವಾಗ ತೆಗೆದು ನೋಡಿದ್ರೆ ಹತ್ತೂ ಬರೀ ಬೂದಿ ಬಣ್ಣ."

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಏನು ಬಂತು, ಅವಳ ತಂಗೀನೇ ಒಪ್ಕೊಂಡಿದಾಳೆ. 'ನಾನೇ ಅಳಿಸಿದೆ ಭಾವ' ಅಂದ್ಲು. ಯಾಕೆ ಅಂದ್ರೆ ಬಾಯಿ ಬಿಡ್ತಿಲ್ಲ. ಇಂಥವಳ ಹತ್ರ ಮಗೂನ ಹೇಗೆ ಬಿಟ್ಟು ಹೋಗ್ಲಿ? ಹಾಸ್ಟೆಲ್ಲಿಗೆ ಸೇರಿಸ್ತೀನಿ. ಆ ಕಂತುಗಳು ವಾಪಸ್ ಬರ್ತವಾ ನೋಡಿ, ಅಷ್ಟೇ ಸಾಕು."

ತಪ್ಪೊಪ್ಪಿಕೊಂಡ ಮೇಲೆ ಪತ್ತೆ ಮಾಡಲು ಇನ್ನೇನು ಉಳಿಯಿತು ಎಂದುಕೊಂಡೆ. ಅತ್ತಿಗೆ ಆಗಲೇ ಚಪ್ಪಲಿ ಮೆಟ್ಟಿದ್ದರು.

ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ಆರು ವರ್ಷದ ಮಗಳು ಮೇಜಿನ ಕೆಳಗೆ ಕೂತು ಅಮ್ಮನ ಟ್ಯಾಬ್ಲೆಟ್ಟಿನಲ್ಲಿ ಬೆಕ್ಕು ಬರೆಯುತ್ತಿತ್ತು. ಗುಪ್ತಪದ ಗೊತ್ತಿಲ್ಲದೆ ತೆರೆಯಲಾಗದೆ, ಅಂಗಡಿಯಲ್ಲಿ ಒಳಗಿದ್ದದ್ದನ್ನೆಲ್ಲ ಅಳಿಸಿ ಮಗುವಿಗೆ ಕೊಟ್ಟಿದ್ದರಂತೆ. ಅವನು ಲ್ಯಾಪ್‌ಟಾಪ್ ತೆರೆದ. ಒಟ್ಟು ಮುನ್ನೂರ ಹನ್ನೆರಡು ಕಂತು. ಮುನ್ನೂರ ಎರಡರ ತನಕ ಸರಿಯಾಗಿದ್ದವು. ಅಲ್ಲಿಂದಾಚೆ ಹತ್ತೂ ಬೂದು ಚೌಕಗಳು. ಅತ್ತಿಗೆ ಭೂತಗನ್ನಡಿ ಹಿಡಿದು ಪರದೆಗೆ ಮೂಗು ತಾಗಿಸಿದರು. ಪ್ರತಿಯೊಂದರ ಮೂಲೆಯಲ್ಲೂ ಸಾಸಿವೆಯಷ್ಟು ಚಿಕ್ಕ ಬೀಗದ ಗುರುತು ಇತ್ತು. ಹತ್ತರ ಗಾತ್ರವೂ ಕೊನೆಯ ಅಂಕಿಯವರೆಗೆ ಒಂದೇ. ಉಳಿಸಿದ ಹೊತ್ತೂ ಒಂದೇ: ಹೋದ ಶುಕ್ರವಾರ ಸಂಜೆ ನಾಲ್ಕು ಇಪ್ಪತ್ತು.

"ಅಳಿಸಿದ್ರೆ ಇಲ್ಲಿ ಏನೂ ಇರಬಾರ್ದಿತ್ತು," ಎಂದು ಗೊಣಗಿ, ತಂತ್ರಾಂಶದ ಆಯ್ಕೆಗಳ ಪುಟ ತೆರೆಸಿದರು. ಅಲ್ಲಿ ಗುರುತು ಹಾಕಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟರು. 'ಕೊನೆಯ ಹತ್ತನ್ನು ಪ್ರತಿ ಸಲ ಹೊಸದಾಗಿ ಇಳಿಸು' ಎಂದಿತ್ತು. "ಇದನ್ನ ಹಾಕಿದ್ದು ಯಾರು?"

"ಅವಳೇ. ಇಂಟರ್‌ನೆಟ್‌ಗೆ ಹಾಕಿದ ಮೇಲೂ ಎರಡು ತಿಂಗಳು ಮೂಗು ಸರಿ ಇಲ್ಲ, ಬಾಯಿ ಸರಿ ಇಲ್ಲ ಅಂತ ತಿದ್ದುತಾನೇ ಇರ್ತಿದ್ಲು. ತಿದ್ದಿದ್ದೇ ನನಗೆ ಸಿಗ್ಲಿ ಅಂತ."

"ಶುಕ್ರವಾರ ಸಂಜೆ ಇಲ್ಲಿ ಯಾರಿದ್ರು?"

"ನಾನು, ಮಗು." ಅವನು ಕುತ್ತಿಗೆ ಕೆರೆದುಕೊಂಡ. "ಶುಕ್ರವಾರ ಬಂದ್ರೆ ಆ ಗುಂಡಿ ಒಂದ್ಸಲ ಒತ್ತಿ ನೋಡ್ತೀನಿ. ಹೊಸದು ಬರಲ್ಲ ಅಂತ ಗೊತ್ತು. ಆದ್ರೂ..."

ಅತ್ತಿಗೆ ಭೂತಗನ್ನಡಿಯನ್ನು ಚೀಲಕ್ಕೆ ಹಾಕಿದರು. ಅವರ ಮುಖ ಸಪ್ಪಗಾಯಿತು. ಯಾವುದಾದರೂ ತಪ್ಪು ಸಿಕ್ಕಾಗ ಹಿಗ್ಗುವ ಹೆಂಗಸು ಅವತ್ತು ಹಿಗ್ಗಲಿಲ್ಲ.

ಹೆಂಡತಿಯ ತಂಗಿ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಮಂಗಳವಾರ ಅಲ್ಲಿ ವಿಚಾರಿಸಿದೆವು. ಶುಕ್ರವಾರ ನಾಲ್ಕರಿಂದ ಐದರವರೆಗೆ ಆಕೆ ಒಬ್ಬ ದಢೂತಿ ರೋಗಿಯ ತಲೆ ಹಿಡಿದು ನಿಂತಿದ್ದಳಂತೆ. ನಾವು ಹೊರಡುವಾಗ ಆಕೆ ಬಾಗಿಲ ತನಕ ಓಡಿಬಂದು, ಭಾವನಿಗೆ ಏನೂ ಹೇಳಬೇಡಿ ಎಂದು ಅತ್ತಿಗೆಯ ಕೈ ಹಿಡಿದು ಬೇಡಿಕೊಂಡಳು. ಆಮೇಲೆ ಅತ್ತಿಗೆ ಕಾಮಿಕ್ಸ್ ಇದ್ದ ತಾಣದ ಕಂಪನಿಗೆ ಫೋನ್ ಮಾಡಿದರು. ಬಹಳ ಹೊತ್ತು ಹೂಂ, ಹೂಂ ಎಂದು ಕೇಳಿಸಿಕೊಂಡು ಇಟ್ಟರು.

ಬುಧವಾರ ಸಂಜೆ ಮಗುವನ್ನು ಪಕ್ಕದ ಮನೆಗೆ ಕಳಿಸಿ, ನಾದಿನಿಯನ್ನೂ ಕರೆದು ಕೂರಿಸುವಂತೆ ಅತ್ತಿಗೆ ಅವನಿಗೆ ಹೇಳಿದ್ದರು. ಮೆಟ್ಟಿಲು ಹತ್ತುವಾಗ ನನಗೆ ತಡೆಯಲಾಗಲಿಲ್ಲ. "ಹೇಳಲೇಬೇಕಾ ಅತ್ತಿಗೆ?" ಎಂದೆ. ಅವರು ಮುಂದಿನ ಮೆಟ್ಟಿಲು ಹತ್ತಿದರು.

"ಮೊದಲನೇದು, ಇದು ನಿಮ್ಮ ನಾದಿನಿ ಕೆಲಸ ಅಲ್ಲ," ಎಂದು ಶುರು ಮಾಡಿದರು. "ಆ ಹೊತ್ತಲ್ಲಿ ಅವಳು ಕ್ಲಿನಿಕ್‌ನಲ್ಲಿದ್ಲು. ಅಲ್ಲದೆ ಅಳಿಸಿದೆ ಅಂತಾಳೆ; ಇಲ್ಲಿ ಯಾವುದೂ ಅಳಿಸಿಲ್ಲ, ಹತ್ತರ ಮೇಲೂ ಬೇರೆ ಚಿತ್ರ ಬಂದು ಕೂತಿದೆ. ಒಂದೇ ಚಿತ್ರ, ಒಂದೇ ಗಾತ್ರ, ಒಂದೇ ನಿಮಿಷ. ಮನುಷ್ಯರ ಕೈಗೆ ಅಷ್ಟು ಚುರುಕು ಇಲ್ಲ. ಅದು ತಂತ್ರಾಂಶ ಮಾಡಿದ ಕೆಲಸ."

"ತಂತ್ರಾಂಶ ಯಾಕೆ ಹಾಗೆ ಮಾಡುತ್ತೆ?"

"ಅದಕ್ಕೆ ಕೊನೇ ಹತ್ತನ್ನ ಪ್ರತಿ ಸಲ ಹೊಸದಾಗಿ ತಾ ಅಂತ ಹೇಳಿಟ್ಟಿದೆ. ಹೋದ ಗುರುವಾರಕ್ಕೆ ನಿಮ್ಮ ಹೆಂಡ್ತಿ ತಾಣಕ್ಕೆ ದುಡ್ಡು ಕಟ್ಟಿದ್ದ ಅವಧಿ ಮುಗೀತು. ಮುಂದುವರಿಸೋಕೆ ಅವಳೇ ಬೇಕಿತ್ತು, ಗುಪ್ತಪದ ಇದ್ದದ್ದು ಅವಳ ಹತ್ರ ಮಾತ್ರ. ಕಂಪನಿಯವರು ಎಲ್ಲಾ ತೆಗೆದುಹಾಕಿ, ಯಾವ ಚಿತ್ರ ಕೇಳಿದ್ರೂ ಬೀಗದ ಗುರುತಿನ ಬೂದು ಚಿತ್ರ ಕೊಡೋ ಹಾಗೆ ಮಾಡಿದ್ರು. ಶುಕ್ರವಾರ ತಂತ್ರಾಂಶ ಹೋಗಿ ಹತ್ತು ಕೇಳ್ತು. ಕೊಟ್ಟಿದ್ದನ್ನ ತಂದು ಹಳೇದರ ಮೇಲೆ ಬರೀತು."

ಅವನು ತನ್ನ ಬಲಗೈಯನ್ನು ನೋಡಿಕೊಂಡ. "ಅಂದ್ರೆ... ನಾನೇ."

"ಬೇಡ ಅಂತ ಬೇಡ್ಕೊಂಡಿದ್ನಲ್ಲಮ್ಮಾ!" ಎಂದು ತಂಗಿ ಅತ್ತಿಗೆಯ ಮೇಲೆ ರೇಗಿದಳು. "ಅಕ್ಕನ ತಾಣದಲ್ಲೂ ಅದೇ ಬೂದು ಚಿತ್ರ ನೋಡಿದ ತಕ್ಷಣ, ಇದು ಶುಕ್ರವಾರ ಒತ್ತಿದ ಗುಂಡಿಯಿಂದಲೇ ಅಂತ ನನಗೆ ಗೊತ್ತಾಯ್ತು. ನನ್ನ ಮೇಲೆ ಸಿಟ್ಟು ಮಾಡ್ಕೊಂಡಾದ್ರೂ ಭಾವ ಬದುಕ್ತಿದ್ರು. ಇದನ್ನ ಹೊತ್ಕೊಂಡು ಹಡಗಲ್ಲಿ ಒಬ್ರೇ ಹೇಗಿರ್ತಾರೆ?"

"ವಾಪಸ್ ಬರಲ್ವಾ?" ಎಂದು ಅವನು ಕೇಳಿದ.

"ಇಲ್ಲಪ್ಪ. ಎಲ್ಲಾ ಕಡೆ ಕೇಳಿದೆ."

"ಸುಳ್ಳು ಹೇಳಬಹುದಿತ್ತು ನೀವು."

"ಹೇಳಬಹುದಿತ್ತು," ಎಂದರು ಅತ್ತಿಗೆ. "ಆಗ ಆ ಮಗು ಅಮ್ಮನ ಜೊತೆ ಚಿಕ್ಕಮ್ಮನ್ನೂ ಕಳ್ಕೋತಿತ್ತು."

ನನಗೆ ಅಳು ಬಂತು; ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅವನು ಮೇಜಿನ ಮೇಲಿದ್ದ ಹಾಸ್ಟೆಲ್ ಅರ್ಜಿಯನ್ನು ಹರಿದು ಬುಟ್ಟಿಗೆ ಹಾಕಿದ. ಆಮೇಲೆ ನಾದಿನಿಯ ಕಡೆ ತಿರುಗಿದ.

"ನೀನು ಆ ಹತ್ತನ್ನ ಓದಿದೀಯಾ?"

"ಹೂಂ."

"ಹೇಳು."

"ಮೊದಲನೇದರಲ್ಲಿ ಅಕ್ಕ ನಿಮ್ಮ ಶರ್ಟ್ ಹಾಕ್ಕೊಂಡು ಪಾತ್ರೆ ತೊಳೀತಿರ್ತಾಳೆ. ಮಗು ಹಿಂದಿನಿಂದ ನೋಡಿ 'ಅಪ್ಪ ಬಂದ್ರು!' ಅಂತ ಕೂಗುತ್ತೆ. ಅಕ್ಕ ತಿರುಗಿ ನೋಡಲ್ಲ. ಮಗು ಇನ್ನೊಂದು ನಿಮಿಷ ಹಾಗೇ ಅಂದ್ಕೊಂಡಿರ್ಲಿ ಅಂತ."

ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ಅವಳು ಒಂದೊಂದೇ ಚೌಕ ಹೇಳುತ್ತಾ ಹೋದಳು. ಎರಡು, ಮೂರು, ನಾಲ್ಕು. ಆರನೆಯದು ಮುಗಿಸಿ ತಡವರಿಸಿದಳು.

"ಏಳನೇದು... ನೆನಪಿಗೆ ಬರ್ತಿಲ್ಲ ಭಾವ," ಎಂದು ಬಿಕ್ಕಿದಳು. "ಎಷ್ಟು ಯೋಚಿಸಿದ್ರೂ ಬರ್ತಿಲ್ಲ."

"ಇರ್ಲಿ ಬಿಡು," ಎಂದ ಅವನು. "ಎಂಟನೇದು ಹೇಳು."