ಅರ್ಧ ತಾಸು ತಡೀರಿ, ಮೇಡಂ

"ಆ ಕಡೆ ಹೋಗಬ್ಯಾಡ್ರಿ!"

ಕೂಗು ಕೇಳುವಷ್ಟರಲ್ಲಿ ಯಾರೋ ಸುಕನ್ಯಾಳ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದಿದ್ದರು. ಅವಳ ಮುಂದಿನ ಕಂಬಿ ಮುರಿದಿತ್ತು. ಕೆಳಗೆ ದೊಡ್ಡ ತೊಟ್ಟಿಯಲ್ಲಿ ಕಂದು ನೀರು ಬುಳಬುಳ ಎನ್ನುತ್ತಿತ್ತು.

"ಕೈ ಬಿಡ್ರಿ! ನನಗ ಈಜು ಬರ್ತದ."

"ಈಜು ಬಂದ್ರೂ ಉಪಯೋಗ ಇಲ್ರೀ ಮೇಡಂ. ಗಾಳಿ ತುಂಬಿದ ನೀರಿದು, ಮನಶ್ಯಾನ್ನ ತೇಲಗೊಡೂದಿಲ್ಲ."

ಗಬ್ಬೂರಿನಾಚೆಯ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಕೆಮಿಸ್ಟ್ ಆಗಿ ಅವಳಿಗೆ ಅದು ಮೊದಲ ದಿನ. ಹಿಡಿದವನು ಅಲ್ಲಿನ ಆಪರೇಟರ್ ಗುರುಪಾದ. ಅವನೇನೋ ಕೈ ಬಿಟ್ಟ. ಹಿಡಿದ ಜಾಗ ಮಾತ್ರ ಸಂಜೆ ಸಪ್ತಾಪುರದ ರೂಮಿಗೆ ಬಂದ ಮೇಲೂ ಬೆಚ್ಚಗೇ ಇತ್ತು...

ಮೂಗು ಮುರಿಯಬೇಡಿ! ಪ್ರೀತಿಗೆ ಮಲ್ಲಿಗೆ ಬಳ್ಳಿಯೇ ಬೇಕೆಂದೇನಿಲ್ಲ. ಇವರಿಬ್ಬರದು ಹುಟ್ಟಿದ್ದು ಊರ ಗಟಾರದ ನೀರಿನ ಮುಂದೆ, ದಿನಕ್ಕೆ ಅರ್ಧ ತಾಸಿನಂತೆ.

ದಿನಾ ಬೆಳಿಗ್ಗೆ ಹತ್ತಕ್ಕೆ ಆ ತೊಟ್ಟಿಯ ನೀರನ್ನು ಒಂದು ಲೀಟರಿನ ಗಾಜಿನ ಜಾರ್‌ಗೆ ತುಂಬಿಡಬೇಕು. ಕೊಳಚೆ ತಿಂದು ಬದುಕುವ ಸೂಕ್ಷ್ಮಜೀವಿಗಳ ಕೆಸರಿಗೆ ಅಲ್ಲಿಯವರು ಸ್ಲಜ್ ಎನ್ನುತ್ತಾರೆ. ಅದು ಅರ್ಧ ತಾಸಿನಲ್ಲಿ ತಳಕ್ಕೆ ಕೂರಬೇಕು, ಮೇಲೆ ತಿಳಿನೀರು ನಿಲ್ಲಬೇಕು. ಅಲ್ಲಿಯವರೆಗೆ ಕಾಯುವುದಷ್ಟೇ ಕೆಲಸ.

ಗುರುಪಾದ ಡಬ್ಬಿ ತೆರೆದು ರೊಟ್ಟಿ, ಮಡಕಿಕಾಳು ಪಲ್ಯ ಮುಂದಿಡುತ್ತಿದ್ದ. "ತಿನ್ರಿ. ಅವ್ವ ಎರಡು ಹೆಚ್ಚಿಗಿ ಕಟ್ಯಾಳ."

ಯಾರ ಸಲುವಾಗಿ ಹೆಚ್ಚಿಗೆ? ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಎಂಟು ತಿಂಗಳು ಹೀಗೇ ಹೋಯಿತು.

ಏಪ್ರಿಲ್‌ನಲ್ಲಿ ಸ್ಲಜ್ ಕೂರುವುದನ್ನೇ ಬಿಟ್ಟಿತು. ಅರ್ಧ ತಾಸಾದರೂ ಹಿಂಜಿದ ಅರಳೆಯ ಹಾಗೆ ಉಬ್ಬಿ ಜಾರ್‌ನ ಕುತ್ತಿಗೆಯವರೆಗೆ ನಿಂತಿರುತ್ತಿತ್ತು.

"ಗಾಳಿ ಸಾಲವಲ್ದ್ರಿ ಮೇಡಂ. ಕರೆಂಟ್ ಉಳಸಾಕ ಸಾಹೇಬ್ರು ಗಾಳಿ ಊದೂ ಮಷೀನ್ ಒಂದು ಬಂದ್ ಮಾಡಿಸ್ಯಾರ. ಗಾಳಿ ಕಮ್ಮಿ ಆದ್ರ ದಾರದಂಥಾ ಜೀವ ಬೆಳೀತಾವ, ಸ್ಲಜ್ ಕೂಡ್ರಗೊಡೂದಿಲ್ಲ."

ಇದನ್ನೇ ಗುರುಪಾದ ಮ್ಯಾನೇಜರ್ ಪ್ರಸಾದನಿಗೂ ನಾಲ್ಕು ಸಲ ಹೇಳಿ ಬೈಸಿಕೊಂಡಿದ್ದ.

ಒಂದು ದಿನ ಸುಕನ್ಯಾ ತಡವಾಗಿ ಬಂದಳು. ಗುರುಪಾದ ಜಾರ್‌ನಿಂದ ಅರ್ಧ ಚೆಲ್ಲಿ, ಅದಕ್ಕೆ ತಿಳಿನೀರು ಸುರಿಯುತ್ತಿದ್ದ.

ಕೆಸರು ಕಡಿಮೆ ಕಾಣಲೆಂದು ನೀರು ಬೆರೆಸುತ್ತಿದ್ದಾನೆ! ಅದೂ ನಾವಿಬ್ಬರೂ ಕೂತು ಕಾಯುವ ಜಾರ್‌ಗೆ!

"ಏನ್ ಮಾಡಾಕತ್ತೀರಿ ಗುರುಪಾದ? ಸುಳ್ಳು ಅಳತಿ ಬರ್ಯಾಕ?"

ಅವನ ಮುಖ ಕಪ್ಪಿಟ್ಟಿತು. "ಅರ್ಧ ತಾಸು ತಡೀರಿ, ಮೇಡಂ. ತೋರಸ್ತೇನಿ."

"ಬ್ಯಾಡ. ನೋಡೂದು ನೋಡೇನಿ."

ಬಾಗಿಲಲ್ಲಿ ಪ್ರಸಾದ ನಿಂತಿದ್ದ. ಗುರುಪಾದನ ಬಾಯಿ ಮುಚ್ಚಿಸಲು ಅವನಿಗೆ ನೆಪ ಬೇಕಾಗಿತ್ತು. "ನೋಡಿದ್ದನ್ನ ಬರದು ಕೊಡ್ರಿ ಮೇಡಂ, ಸಾಕು," ಎಂದ. ಅವಳು ಸಿಟ್ಟಿನಲ್ಲಿ ಎರಡು ಸಾಲು ಬರೆದು ಕೊಟ್ಟಳು. ಸಂಜೆಯೊಳಗೆ ಗುರುಪಾದನ ಕೆಲಸ ಹೋಯಿತು. ಅವನು ಡಬ್ಬಿ ಎತ್ತಿಕೊಂಡು ಹೊರಟಾಗ ಅವಳು ತಲೆ ಎತ್ತಲಿಲ್ಲ.

ಜೂನ್‌ನಲ್ಲಿ ಸ್ಲಜ್ ತೊಟ್ಟಿಯ ಅಂಚು ದಾಟಿ ಹಳ್ಳಕ್ಕೆ ಹರಿಯಿತು. ಕೆಳಗಿನ ಹೊಲದ ಕಾಸಿಮಸಾಬ ಗೇಟಿಗೆ ಬಂದು ಬಾಯಿಗೆ ಬಂದಂತೆ ಬೈದು ಹೋದ. ದಾರಿ ಕಾಣದೆ ಸುಕನ್ಯಾ ಹಳೆಯ ರಿಜಿಸ್ಟರ್ ತೆಗೆದಳು. ಅವಳಿಗಿಂತ ಮೊದಲಿದ್ದ ಕೆಮಿಸ್ಟ್ ನಾಗರತ್ನಾ ಅದರ ರಟ್ಟಿನ ಒಳಗೆ ಬರೆದಿದ್ದರು:

"ಸ್ಲಜ್ ಉಬ್ಬಿ ಜಾರ್ ತುಂಬಿದರೆ ಇಕ್ಕಟ್ಟಿನಲ್ಲಿ ಕೂರಲಾರದು, ಆ ಅಳತೆ ನಂಬಬೇಡಿ. ಅರ್ಧ ತಿಳಿನೀರು ಬೆರೆಸಿ, ಅರ್ಧ ತಾಸು ಬಿಟ್ಟು ನೋಡಿ, ಬಂದದ್ದನ್ನು ಎರಡರಿಂದ ಗುಣಿಸಿ. ಗುರುಪಾದನಿಗೆ ಕಲಿಸಿದ್ದೇನೆ."

ಸುಕನ್ಯಾ ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ, ಖರೇ ಏನೆಂದು ಹುಡುಕುತ್ತಿದ್ದ! 'ಕೆಸರಿಗೆ ದಿನಾ ಅರ್ಧ ತಾಸು ಕೊಟ್ಟೆ... ಆ ಮನುಷ್ಯನಿಗೆ ಒಂದೇ ಒಂದು ದಿನ ಕೊಡಲಿಲ್ಲವಲ್ಲ!'

ಅವನ ವಿಳಾಸ ಕೇಳಲು ಗೇಟಿಗೆ ಓಡಿದಳು. ವಾಚ್‌ಮನ್ ಹೇಳಿದ್ದು ಕೇಳಿ ಅಲ್ಲೇ ನಿಂತುಬಿಟ್ಟಳು.

ಬೇರೆ ಕೆಲಸ ಸಿಗದೆ ಗುರುಪಾದ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಲಾರಿಗೆ ಸೇರಿದ್ದ. ಜೊತೆಗಾರ ಜುಲ್ಫಿಕಾರ ಟ್ಯಾಂಕಿಗೆ ಇಳಿದು ವಿಷಗಾಳಿಗೆ ಬಿದ್ದ. ಎತ್ತಲು ಇವನೂ ಇಳಿದ. ಜುಲ್ಫಿಕಾರ ಬದುಕಲಿಲ್ಲ. ಇವನು ಬದುಕಿದ, ಆದರೆ ಶ್ವಾಸಕೋಶ ಹಾಳಾಗಿತ್ತು.

ಮಾರನೆಯ ದಿನವೇ ಅವಳು ಮೇಲಿನ ಕಚೇರಿಗೆ ಬರೆದಳು. ತಪ್ಪು ನನ್ನದು, ಆಪರೇಟರ್ ಹೇಳಿದ್ದು ಸರಿ, ಗಾಳಿ ನಿಲ್ಲಿಸಿದ್ದೇ ಕಾರಣ.

"ನಿಮ್ಮ ನೌಕರಿ ಹೋಗ್ತದ ನೋಡ್ರಿ," ಎಂದ ಪ್ರಸಾದ.

"ಹೋಗ್ಲಿ ಬಿಡ್ರಿ."

ಹೋಯಿತು ಕೂಡ, ತಿಂಗಳ ಕೊನೆಗೆ ಬಿಡಬೇಕೆಂದು ಪತ್ರ ಬಂತು. ಆದರೆ ಮಷೀನ್ ಮತ್ತೆ ಶುರುವಾಯಿತು. ದಾರದಂಥ ಆ ಜೀವಿಗಳನ್ನು ಕೊಲ್ಲಲು, ಉಳಿದ ಜೀವಿಗಳು ಸಾಯದಂತೆ, ಅಳೆದು ಅಳೆದು ಕ್ಲೋರಿನ್ ಹಾಕಿಸಿದಳು.

ಒಂದು ಭಾನುವಾರ ಬೆಳಿಗ್ಗೆ ಕೆಲಗೇರಿಯಲ್ಲಿ ಅವನ ಮನೆಯ ಮುಂದೆ ನಿಂತಳು. ಕೈಯಲ್ಲಿ ಆ ಗಾಜಿನ ಜಾರ್, ಚೀಲದಲ್ಲಿ ಎರಡು ಬಾಟಲಿ. ಒಂದರಲ್ಲಿ ತೊಟ್ಟಿಯ ನೀರು, ಇನ್ನೊಂದರಲ್ಲಿ ತಿಳಿನೀರು.

ತಾಯಿ ಮುರಿಗೆವ್ವ ಹೊಸ್ತಿಲಲ್ಲೇ ತಡೆದಳು. "ಕಾಗದಾ ಬರದಾಕಿ ನೀನ ಏನವಾ? ಬರ್ಯಾಕ ಇನ್ನೇನ್ ಉಳದದ?"

ಸುಕನ್ಯಾ ಚಪ್ಪಲಿ ಬಿಟ್ಟು ನಿಂತಳು. "ಬೈರಿ ಅವ್ವಾರ... ಆದ್ರ ಅರ್ಧ ತಾಸು ಒಳಗ ಬಿಡ್ರಿ."

ಮುರಿಗೆವ್ವ ಅವಳನ್ನು ದುರುಗುಟ್ಟಿ ನೋಡಿ ಪಕ್ಕಕ್ಕೆ ಸರಿದಳು.

ಗುರುಪಾದ ದಿಂಬಿಗೆ ಒರಗಿ ಕೂತಿದ್ದ. ಇಷ್ಟು ಸಣ್ಣಗಾಗಿದ್ದಾನಾ! ಅವಳು ನೆಲದ ಮೇಲೆ ಜಾರ್ ಇಟ್ಟಳು. ಅರ್ಧ ಕೆಸರು ನೀರು, ಅರ್ಧ ತಿಳಿನೀರು ತುಂಬಿ ಕಲಕಿ, ಅವನೆದುರು ಕೂತಳು. ಇಬ್ಬರೂ ಜಾರ್ ನೋಡುತ್ತ ಕೂತರು.

"ಅವತ್ತ ಇಷ್ಟು ತಡೀಲಿಲ್ಲ ನಾ," ಎಂದಳು. ಕಣ್ಣೀರು ತಡೆಯಲಾಗಲಿಲ್ಲ. "ತಪ್ಪಾತ್ರಿ ಗುರುಪಾದ."

"ಜುಲ್ಫಿಕಾರ... ತಿರುಗಿ ಬರೂದಿಲ್ಲ."

"ಗೊತ್ತದರಿ."

"ನಿಮ್ಮನ್ನ ನೆನಸಿದ್ರ... ಸಿಟ್ಟು ಬರ್ತದ." ಉಸಿರು ಎಳೆದುಕೊಂಡ. "ನೆನಸದ ಇರಾಕೂ... ಆಗವಲ್ದು."

ಅರ್ಧ ತಾಸಾಯಿತು. ಅವನು ಬಾಗಿ ಕೆಸರು ಕೂತ ಗೆರೆ ಓದಿದ. "ಮುನ್ನೂರು ಎಮ್ಮೆಲ್. ಎರಡು ಪಟ್ಟು... ಆರನೂರು. ಇನ್ನೂ ಪೂರಾ ಸುಧಾರಿಸಿಲ್ಲ."

"ಹೋದ ವಾರ ಎಂಟನೂರಿತ್ರಿ."

"ಗಾಳಿ ಸಿಕ್ಕದಲಾ... ಹಗೂರಕ ಸುಧಾರಸ್ತದ."

'ಮತ್ತೆ ನೀವು?' ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಅವನು ಪೂರ್ತಿ ಸುಧಾರಿಸುವುದಿಲ್ಲ ಎಂದು ಡಾಕ್ಟರು ಹೇಳಿದ್ದು ವಾಚ್‌ಮನ್‌ನಿಂದ ತಿಳಿದಿತ್ತು. ಅವಳು ಜಾರ್ ಎತ್ತಿಕೊಂಡು ಏಳಲು ಹೋದಳು.

ಮಣಿಕಟ್ಟಿನ ಮೇಲೆ ಅವನ ಕೈ ಬಿತ್ತು. ಮೊದಲ ದಿನದ ಬಲ ಅದರಲ್ಲಿರಲಿಲ್ಲ.

"ಎಲ್ಲಿಗೆ?"

"ಅರ್ಧ ತಾಸು ಕೇಳಿದ್ದೆ... ಮುಗೀತಲ್ಲರಿ."

"ನಾಳೆ?"

"ದಿನಾ ಬರ್ಲೇನ್ರಿ? ನನಗ ನೀವು ಬೇಕು ಗುರುಪಾದ. ಹಿಂಗ ಇದ್ರೂ ಬೇಕು!"

ಅವನು ಮೊದಲ ಸಲ ಅವಳ ಹೆಸರು ಹಿಡಿದು ಕರೆದ.

"ಸುಕನ್ಯಾ... ಈಗ ಒಂದು ಮಾತು ಮುಗಸಾಕೂ... ನನಗ ಭಾಳ ಹೊತ್ತು ಬೇಕಾಗ್ತದ."

ಅವಳು ಜಾರ್ ಕೆಳಗಿಟ್ಟು ಮತ್ತೆ ಕೂತಳು.

"ತಡೀತೇನ್ರಿ."