ಎಳನೀರಿಗೆ ಬಂದ ರೆವಿನ್ಯೂ ಇನ್ಸ್‌ಪೆಕ್ಟರ್

"ಆ ಎಳನೀರು ಕುಡೀಬೇಡಿ!"

ಬುರುಡೆಯನ್ನು ತುಟಿಯ ಹತ್ತಿರ ಒಯ್ದಿದ್ದ ಷಡಕ್ಷರಿ ಹಾಗೇ ನಿಂತುಬಿಟ್ಟ. ತೋಟದ ಬದುವಿನ ಮೇಲೆ ನೆರಿಗೆ ಎತ್ತಿ ಹಿಡಿದು ಒಬ್ಬಳು ಓಡಿ ಬರುತ್ತಿದ್ದಳು.

ಅವಳೇ ಗಿರಿಜಾಂಬಿಕಾ. ಎಂಬತ್ತೇಳರ ಚುನಾವಣೆಯಲ್ಲಿ ಬಿಳಿಗೆರೆಯಿಂದ ಮಂಡಲ ಪಂಚಾಯ್ತಿಗೆ ಗೆದ್ದವಳು. ವಯಸ್ಸು ಇಪ್ಪತ್ತೆಂಟು. ಮದುವೆಯ ಮಾತೆತ್ತಿದರೆ, ಊರಿನ ಮುದುಕರಿಗೆಲ್ಲ ವೃದ್ಧಾಪ್ಯ ವೇತನ ಕೊಡಿಸಿದ ಮೇಲೆ ನೋಡೋಣ ಎನ್ನುತ್ತಿದ್ದಳು. ಊರಿನಲ್ಲಿ ಮುದುಕರು ಮುಗಿಯುವುದುಂಟೇ?

"ಯಾಕ್ರೀ, ವಿಷ ಬೆರೆಸಿದ್ದಾರಾ?" ಎಂದ ಷಡಕ್ಷರಿ.

"ಇದನ್ನ ಕಿತ್ತೋರು ಯಾರು, ಮೊದಲು ಅದು ಹೇಳಿ."

ಉತ್ತರ ಗುಡಿಸಲ ಮುಂದಿನ ಮರದ ಬುಡದಲ್ಲೇ ಕೂತಿತ್ತು. ತಿಪ್ಪಯ್ಯಜ್ಜ ಕಾಲಿಗೆ ಹಾಕಿದ್ದ ಹಗ್ಗದ ಬಳೆ ಬಿಚ್ಚುತ್ತಾ ನಕ್ಕ.

"ಸಾಹೇಬ್ರು ಬಿಸ್ಲಲ್ಲಿ ಬಂದವ್ರೆ ಕಣವ್ವ. ಬರೀ ನೀರು ಕೊಟ್ಟು ಕಳ್ಸಕಾಯ್ತದಾ?"

ಗಿರಿಜೆಗೆ ಅಳುವುದೋ ನಗುವುದೋ ತಿಳಿಯಲಿಲ್ಲ. 'ಅರ್ಜಿದಾರರು ದುಡಿಯಲು ಅಶಕ್ತರು' ಎಂದು ಅರ್ಜಿಯಲ್ಲಿ ಅವಳೇ ಬರೆದಿದ್ದಳು. ಅದು ನಿಜವೋ ಸುಳ್ಳೋ ಎಂದು ನೋಡಲು ತಿಪಟೂರಿನಿಂದ ರೆವಿನ್ಯೂ ಇನ್ಸ್‌ಪೆಕ್ಟರ್ ಬಂದರೆ, ಅಜ್ಜ ಅವನ ಕಣ್ಣೆದುರೇ ಐವತ್ತಡಿ ಮರ ಹತ್ತಿ ಇಳಿದಿದ್ದ!

"ನೋಡಿ, ಅಜ್ಜನಿಗೆ ಹಿಂದಿಲ್ಲ ಮುಂದಿಲ್ಲ," ಎಂದಳು ಗಿರಿಜೆ, ದನಿ ತಗ್ಗಿಸಿ. "ವೇತನ ಬರದಿದ್ರೆ ಹೊಟ್ಟೆಗೋಸ್ಕರ ಮರ ಹತ್ತುತ್ತಲೇ ಇರ್ತಾರೆ. ಒಂದಿನ ಬೀಳ್ತಾರೆ. ದಯವಿಟ್ಟು ಇವತ್ತು ನೋಡಿದ್ದನ್ನ ಬರೀಬೇಡಿ."

"ನಾನು ನೋಡಿದ್ದನ್ನೇ ಬರೀಬೇಕು ಕಣ್ರೀ."

ಅಷ್ಟು ಹೇಳಿ ಎಳನೀರನ್ನು ಕುಡಿದೇಬಿಟ್ಟ. ಆಮೇಲೆ ಅಜ್ಜನ ಹೆಗಲ ಟವೆಲ್ ತೆಗೆದು, ಬೆವರಿದ ಆ ಮುದಿ ಬೆನ್ನನ್ನು ಮೆಲ್ಲಗೆ ಒರೆಸಿದ.

ಒಳ್ಳೆಯವನೇ ಇರಬೇಕು... ಎಂದುಕೊಂಡಳು ಗಿರಿಜೆ. ಹಾಗೆ ಅಂದುಕೊಂಡಿದ್ದೇ ಅವಳ ತಪ್ಪು. ಅಂದಿನಿಂದ ಹಂಚಿನ ಮೇಲೆ ರೊಟ್ಟಿ ಸೀಯುವಷ್ಟು ಹೊತ್ತು ಆ ಮುಖವನ್ನೇ ನೆನೆಯತೊಡಗಿದಳು.

ಎರಡು ತಿಂಗಳಿಗೆ ಅರ್ಜಿ ವಾಪಸ್ ಬಂತು. 'ವರದಿ ಪರಿಶೀಲಿಸಿ ಹಿಂದಿರುಗಿಸಲಾಗಿದೆ.' ಅಷ್ಟೇ.

ಬರೆದೇಬಿಟ್ಟನಲ್ಲ! ಅಜ್ಜನ ಎಳನೀರು ಕುಡಿದು, ಅಜ್ಜನ ಅನ್ನಕ್ಕೇ ಕಲ್ಲು ಹಾಕಿದನಲ್ಲ... ಗಿರಿಜೆಗೆ ಅರ್ಜಿ ಹೋದದ್ದಕ್ಕಿಂತ, ಅವನನ್ನು ನಂಬಿದ್ದೆನಲ್ಲ ಎಂಬುದೇ ಹೆಚ್ಚು ನೋಯುತ್ತಿತ್ತು.

ಸಾಲದ್ದಕ್ಕೆ ಮುಂದಿನ ಭಾನುವಾರ ಅಜ್ಜನ ಗುಡಿಸಲ ಮುಂದೆ ಅವನ ಸೈಕಲ್ ಕಂಡಿತು. ಅಜ್ಜ ಕಾಯಿ ಕೀಳಲು ಹೊನ್ನವಳ್ಳಿಗೆ ಹೋಗಿದ್ದ. ಇವನು ಅದೇ ಮರಕ್ಕೆ ಏಣಿ ಒರಗಿಸಿ ಹತ್ತಿದ್ದ!

ಮರುವಾರವೂ ಅದೇ ಏಣಿ. ಅದರ ಮರುವಾರವೂ.

ಹತ್ತಿರ ಹೋಗಿ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಸಿಟ್ಟು ಬಂದರೆ ನಮ್ಮ ಗಿರಿಜೆ ಬಾಯಿಗಿಂತ ಮೊದಲು ಪೆನ್ನು ತೆಗೆಯುವವಳು.

ಅಸಿಸ್ಟೆಂಟ್ ಕಮಿಷನರ್ ಬಿಳಿಗೆರೆಯ ಚಾವಡಿಗೆ ಅಹವಾಲು ಕೇಳಲು ಬಂದ ದಿನ, ಅವಳು ಜನರ ಮುಂದೆ ಎದ್ದು ನಿಂತು ಓದಿದಳು. ಇನ್ಸ್‌ಪೆಕ್ಟರ್ ಷಡಕ್ಷರಿಯವರು ಅಜ್ಜನ ವೇತನ ತಪ್ಪಿಸಿದ್ದಾರೆ. ಅಜ್ಜನಿಲ್ಲದಾಗ ಬಂದು ಎಳನೀರು ಕೀಳುತ್ತಿದ್ದಾರೆ.

ಷಡಕ್ಷರಿ ತಲೆ ಎತ್ತಲಿಲ್ಲ. ಕಮಿಷನರ್ ಕಡತ ತೆರೆದು ಅವನ ವರದಿಯನ್ನು ಗಟ್ಟಿಯಾಗಿ ಓದಿದರು.

"'ಅರ್ಜಿದಾರರು ಮರ ಹತ್ತಿದ್ದು ಕಸುವಿನಿಂದಲ್ಲ, ಮನೆಗೆ ಬಂದವರನ್ನು ಬರಿಗೈಲಿ ಕಳಿಸಬಾರದೆಂದು. ಇಳಿದ ಮೇಲೆ ಬಹಳ ಹೊತ್ತು ಅವರ ಕೈ ನಡುಗುತ್ತಿತ್ತು. ವೇತನಕ್ಕೆ ಶಿಫಾರಸು ಮಾಡಲಾಗಿದೆ.'"

ಗಿರಿಜೆಯ ಕೈಯಲ್ಲಿದ್ದ ಕಾಗದ ಮೆಲ್ಲನೆ ಕೆಳಗಿಳಿಯಿತು.

"ಅರ್ಜಿ ವಾಪಸ್ ಬಂದದ್ದು ವಯಸ್ಸಿಗೆ ದಾಖಲೆ ಇಲ್ಲ ಅಂತ," ಎಂದರು ಕಮಿಷನರ್. "ಅದಿರಲಿ, ಭಾನುವಾರ ಮರದ ಮೇಲೆ ನಿಮಗೇನ್ರೀ ಕೆಲಸ?"

ಷಡಕ್ಷರಿ ಜೇಬಿನಿಂದ ಒಂದು ಹಾಳೆ ತೆಗೆದ. ಅದರ ತುಂಬ ಪೆನ್ಸಿಲ್ ಗೆರೆಗಳು.

"ಅಜ್ಜನ ತೊಟ್ಟಿಲು ಶಾಸ್ತ್ರದ ದಿನ ಅವರವ್ವ ನೆಟ್ಟ ಸಸಿಯಂತೆ ಸಾರ್ ಆ ಮರ. ತೆಂಗು ವರ್ಷಕ್ಕೆ ಹೆಚ್ಚುಕಡಿಮೆ ಹನ್ನೆರಡು ಗರಿ ಕಳಚುತ್ತೆ, ಒಂದೊಂದಕ್ಕೂ ಮೈಮೇಲೆ ಒಂದು ಗೀಟು. ಮೂರು ಭಾನುವಾರ ಹತ್ತಿ ಎಂಟುನೂರ ಹನ್ನೆರಡು ಗೀಟು ಎಣಿಸಿದೆ. ಬುಡ ಕಟ್ಟೋದಕ್ಕೆ ಮುಂಚಿನ ನಾಲ್ಕೈದು ವರ್ಷ ಸೇರಿಸಿದ್ರೆ ಎಪ್ಪತ್ತು ದಾಟುತ್ತೆ."

"ತುದಿಗೂ ಏಣಿ ಎಟುಕಿತೇ?"

"ಇಲ್ಲ ಸಾರ್. ಏಣಿ ಮುಗಿದಲ್ಲಿಂದ ಮರ ತಬ್ಕೊಂಡು ಹತ್ತಿದೆ." ತರಚಿದ ತೋಳುಗಳನ್ನು ಅವನು ಹಿಂದಕ್ಕೆ ಮರೆಸಿಕೊಂಡ. ಗಿರಿಜೆಗೆ ಕಂಡೇಬಿಟ್ಟಿತು.

ಕಮಿಷನರ್ ಹಣೆ ಉಜ್ಜಿಕೊಂಡರು. "ಫಾರಂನಲ್ಲಿ ಮರಕ್ಕೆ ಕಾಲಂ ಇಲ್ಲವಲ್ಲಪ್ಪ."

"ಇಲ್ಲದಿದ್ರೆ ಮಾಡ್ಸಿ ಸಾರ್," ಎಂದಳು ಗಿರಿಜೆ. ದನಿ ಒಡೆಯುತ್ತಿತ್ತು, ಆದರೂ ಕೂರಲಿಲ್ಲ. "ಅಜ್ಜ ಹುಟ್ಟಿದಾಗ ಯಾರೂ ಬರೆದಿಡಲಿಲ್ಲ, ಸಸಿ ನೆಟ್ಟರು. ನಮ್ಮೂರಿನದೊಂದೇ ಅಲ್ಲ, ಈ ಸೀಮೆಯ ಮುದುಕರ ಕಥೆಯೇ ಇದು. ಸರ್ಕಾರಕ್ಕೆ ನೀವೂ ಬರೀರಿ, ನಾನೂ ಬರೀತೀನಿ. ಇನ್ನು... ಇನ್ಸ್‌ಪೆಕ್ಟರ ಮೇಲೆ ಹೇಳಿದ್ದು ನನ್ನ ತಪ್ಪು. ಎಲ್ಲರ ಮುಂದೆ ಅಂದೆ, ಎಲ್ಲರ ಮುಂದೆಯೇ ಒಪ್ಕೋತೀನಿ."

ಅಂದೇ ಮರದ ಬುಡದಲ್ಲಿ ಮಹಜರ್ ಆಯಿತು. ಐವರು ಹಿರಿಯರು ಹೆಬ್ಬೆಟ್ಟು ಒತ್ತಿದರು, ಡಾಕ್ಟರ ಸರ್ಟಿಫಿಕೇಟು ಜೊತೆಗೆ ಸೇರಿತು. ಅದನ್ನೇ ವಯಸ್ಸಿನ ದಾಖಲೆಯೆಂದು ಒಪ್ಪಿ ಕಮಿಷನರ್ ಸಹಿ ಹಾಕಿದರು.

ಮೊದಲ ಮನಿಯಾರ್ಡರ್ ಬಂದ ದಿನ ತಿಪ್ಪಯ್ಯಜ್ಜ ಕಾಲಿನ ಹಗ್ಗವನ್ನು ಗೂಟಕ್ಕೆ ನೇತುಹಾಕಿದ. "ಇನ್ನು ಹತ್ತಕಿಲ್ಲ ಬುಡವ್ವ," ಎಂದು ಗಿರಿಜೆಯ ತಲೆ ಸವರಿದ.

ಆ ಭಾನುವಾರ ಷಡಕ್ಷರಿ ಅಜ್ಜನನ್ನು ನೋಡಲು ಬಂದಾಗ, ಮರದ ನೆರಳಲ್ಲಿ ಗಿರಿಜೆ ನಿಂತಿದ್ದಳು. ಕೈಯಲ್ಲಿ ಕೆತ್ತಿದ ಎಳನೀರು.

"ಕುಡೀರಿ."

"ಕಿತ್ತೋರು ಯಾರು, ಮೊದಲು ಅದು ಹೇಳಿ."

"ನಾನೇ. ದೋಟಿ ಹಾಕಿ, ಗಿಡ್ಡ ಮರದ್ದು." ಅವಳು ತಲೆ ತಗ್ಗಿಸಿದಳು. "ನಿಮ್ಮನ್ನ ಕಳ್ಳ ಅಂದೆನಲ್ಲ... ನಿದ್ದೆ ಬರ್ತಿಲ್ಲ."

"ನೀವು ಅಜ್ಜನ ಕಡೆ ನಿಂತಿದ್ರಿ. ನಾನೂ ಅಲ್ಲೇ ನಿಂತಿದ್ದೆ, ನಿಮಗೆ ಕಾಣಲಿಲ್ಲ ಅಷ್ಟೆ."

"ಈಗ ಕಾಣ್ತಿದೆ," ಎಂದಳು ಮೆಲ್ಲಗೆ. "ಇನ್ನೂ ಹತ್ತು ಅರ್ಜಿ ಬಾಕಿ ಇವೆ. ಅವು ಮುಗಿಯೋ ತನಕ ಮದುವೆ ಬೇಡ ಅಂತಿದ್ದೆ. ಈಗ ಕಾಯೋಕೆ ಮನಸ್ಸಿಲ್ಲ... ನೀವು ಜೊತೆಗಿದ್ರೆ."

ಷಡಕ್ಷರಿ ಬಹಳ ಹೊತ್ತು ಅವಳನ್ನೇ ನೋಡಿದ.

"ಏನು ನೋಡ್ತೀರಿ? ನೋಡಿದ್ದನ್ನೇ ಬರೆಯೋರು ನೀವು. ಈಗ ಏನು ಬರೀತೀರಿ?"

"ಎಳನೀರು ಕೊಡುವಾಗ ಸದಸ್ಯೆಯವರ ಕೈ ನಡುಗುತ್ತಿತ್ತು ಅಂತ."

"ಮತ್ತೆ... ಶಿಫಾರಸು?"

ಅವನು ಬುರುಡೆಯ ಸಮೇತ ಅವಳ ಎರಡೂ ಕೈಗಳನ್ನು ಹಿಡಿದುಕೊಂಡ.

"ಮಾಡಲಾಗಿದೆ," ಎಂದ.