ಶುಕ್ರವಾರದ ರಸೀದಿ

ನವೆಂಬರ್ 20, ಗುರುವಾರ. ಗಂಡ ಶಶಿಕುಮಾರ್‌ನ ತಿಥಿಕಾರ್ಯ ಮುಗಿಸಿ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಹಾಲಿನವನು ಎಂದಿನಂತೆ ಒಂದು ಲೀಟರ್ ಇಟ್ಟುಹೋಗಿದ್ದ. ಯಮುನಾ ಹಾಲು ಕಾಯಿಸಿದಳು, ನೀರು ತುಂಬಿಸಿದಳು, ಪಡಸಾಲೆಯಲ್ಲಿ ಒರಗಿಸಿದ್ದ ಏಣಿಯ ಪಕ್ಕದಿಂದ ಹಾದು ಹೊರಗೆ ನಡೆದಳು. ಹತ್ತೂ ಕಾಲಿಗೆ ಠಾಣೆಯಲ್ಲಿದ್ದಳು.

ಇನ್ಸ್‌ಪೆಕ್ಟರ್ ಶೋಭಾರಾಣಿ ಕುರ್ಚಿ ತೋರಿಸಿದರು. "ಹೇಳಮ್ಮ."

"ನಮ್ಮ ಯಜಮಾನರು ಮನೆ ಮಾಲೀಕರ ಹತ್ರ ನಾಲ್ಕು ಲಕ್ಷ ಬಡ್ಡಿಗೆ ಹಾಕಿದ್ರು. ಶ್ಯಾಮಣ್ಣ ಅಂತ, ಪಟ್ಟಂದೂರು ಅಗ್ರಹಾರ. ಇವರು ಎಂಟನೇ ತಾರೀಕು ಶನಿವಾರ ಬೆಳಿಗ್ಗೆ ಹೋಗ್ಬಿಟ್ರು, ಹಾರ್ಟ್ ಅಟ್ಯಾಕು. ಹಿಂದಿನ ದಿನವೇ ಪೂರ್ತಿ ಕ್ಯಾಶ್ ವಾಪಸ್ ಕೊಟ್ಟಿದೀನಿ ಅಂತ ಶ್ಯಾಮಣ್ಣ ರಸೀದಿ ತೋರಿಸ್ತಾರೆ."

"ಬಡ್ಡಿ ಎಷ್ಟು?"

"ತಿಂಗಳಿಗೆ ಮೂರು ಪರ್ಸೆಂಟ್."

"ವರ್ಷಕ್ಕೆ ಮೂವತ್ತಾರು. ಬ್ಯಾಂಕಲ್ಲಿ ಏಳು. ಅನುಮಾನ ಬರ್ಲಿಲ್ವಾ?"

"ಬಂತು. ರಿಸ್ಕ್ ತಗೊಳ್ದೆ ಈ ಊರಲ್ಲಿ ಸ್ವಂತ ಮನೆ ಆಗಲ್ಲ ಅಂದ್ರು. ನಾನೇ ಚಿನ್ನದ ಬಳೆ ಮಾರೋಕೆ ಕೊಟ್ಟೆ. ದುಡ್ಡು ಹೋದ್ರೆ ಹೋಗ್ಲಿ ಮೇಡಂ. ಇವರು ದುಡ್ಡು ವಾಪಸ್ ತಗೊಂಡು ನನಗೆ ಹೇಳದೆ ಮುಚ್ಚಿಟ್ಟಿದ್ರು ಅಂತ ಮೈದುನ ಎಲ್ಲರೆದುರು ಅಂದ. ಅದು ಸುಳ್ಳು ಅಂತ ಗೊತ್ತಾಗ್ಬೇಕು."

11.40ಕ್ಕೆ ಎಫ್‌ಐಆರ್ ದಾಖಲಾಯಿತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಶೋಭಾರಾಣಿ, ಹೆಡ್ ಕಾನ್‌ಸ್ಟೆಬಲ್ ಇರಣ್ಣ ಮತ್ತು ಇಬ್ಬರು ಪಂಚರು ಶ್ಯಾಮಣ್ಣನ ಮನೆಗೆ ಹೋದರು. ಹೊಸ್ತಿಲಿಗೆ ಆಗಷ್ಟೇ ಅರಿಸಿನ ಹಚ್ಚಿತ್ತು. ಗೇಟಿನಲ್ಲಿ ನೀರಿನ ಟ್ಯಾಂಕರಿನವನು ಬಾಕಿಗಾಗಿ ನಿಂತಿದ್ದ.

"ನಾಳೆ ಬಾರಪ್ಪ," ಎಂದರು ಶ್ಯಾಮಣ್ಣನ ಹೆಂಡತಿ ಮರಿಯಮ್ಮ.

"ಎಂಟುನೂರು ರೂಪಾಯಿಗೆ ಎಷ್ಟು ಸಲ ಬರ್ಲಿ ಅಕ್ಕಾ? ಡೀಸೆಲ್ ನಿಮ್ಮ ಮಾವ ಹಾಕಿಸ್ತಾರಾ?"

"ಶುಕ್ರವಾರ ಕಣೋ! ನಮ್ಮತ್ತೆ ಕಾಲದಿಂದ್ಲೂ ಈ ಮನೇಲಿ ಶುಕ್ರವಾರ ಒಂದು ರೂಪಾಯಿನೂ ಹೊರಗೆ ಹೋಗಿಲ್ಲ."

ಒಳಗೆ ಶ್ಯಾಮಣ್ಣ ಆತ್ಮವಿಶ್ವಾಸದಿಂದಲೇ ರಸೀದಿ ಕೊಟ್ಟ. ಪಂಚನಾಮೆ ಬರೆಯುತ್ತಿದ್ದ ಇರಣ್ಣ ತಾರೀಕಿಗೆ ಬಂದು ಪೆನ್ನು ನಿಲ್ಲಿಸಿದ. ಗೋಡೆಯ ಕ್ಯಾಲೆಂಡರ್ ನೋಡಿದ.

"ಮೇಡಂ, ಏಳನೇ ತಾರೀಕು ಯಾವ ವಾರ ನೋಡ್ರಿ."

ಶೋಭಾರಾಣಿ ನೋಡಿದರು. ಬಾಗಿಲಲ್ಲಿದ್ದ ಮರಿಯಮ್ಮನೂ ನೋಡಿದರು.

"ಟ್ಯಾಂಕರಿಗೆ ಎಂಟುನೂರು ಕೊಡದವರು ಶುಕ್ರವಾರ ನಾಲ್ಕು ಲಕ್ಷ ಕೊಟ್ರಾ, ಶ್ಯಾಮಣ್ಣ?" ಎಂದರು ಶೋಭಾರಾಣಿ.

"ಅರ್ಜೆಂಟು ಅಂದ, ಕೊಟ್ಟೆ."

"ಯಾರಿಗೆ ಎಷ್ಟು ಕೊಡ್ಬೇಕು ಅಂತ ನೀವೇ ದುಡ್ಡು ಹಾಕಿದವರ ವಾಟ್ಸಾಪ್ ಗ್ರೂಪಿಗೆ ಲಿಸ್ಟ್ ಹಾಕಿದ್ದು ಆರನೇ ತಾರೀಕು ಗುರುವಾರ ಸಂಜೆ, ಶಶಿಕುಮಾರ್ ಫೋನಲ್ಲಿ ನೋಡಿದೀನಿ. ಅದ್ರಲ್ಲಿ ಶಶಿಕುಮಾರ್ ಹೆಸರು ಇದೆ. ಶನಿವಾರ ಬೆಳಿಗ್ಗೆ ಅವನಿಲ್ಲ. ರಸೀದಿಗೆ ತಾರೀಕು ಹಾಕೋಕೆ ನಿಮಗೆ ಉಳಿದಿದ್ದು ಶುಕ್ರವಾರ ಒಂದೇ. ಅಲ್ವಾ?"

ಉತ್ತರ ಕೊಟ್ಟವರು ಮರಿಯಮ್ಮ. "ಅವತ್ತು ಬೀರು ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು ಮೇಡಂ. ಬಾಗಿಲು ತೆಗೆದಿಲ್ಲ."

ಜಪ್ತಿ ಮಾಡಿದ ಮೊಬೈಲಿನಲ್ಲಿ ಉಳಿದದ್ದೆಲ್ಲ ಸಿಕ್ಕಿತು. ಹನ್ನೊಂದು ಜನರ ದುಡ್ಡು, ಬಾಡಿಗೆದಾರರ ಅಡ್ವಾನ್ಸ್, ಒಟ್ಟು ಮೂವತ್ತೆಂಟು ಲಕ್ಷ ಷೇರು ಪೇಟೆಯ ಆಪ್ಷನ್ ವ್ಯಾಪಾರದಲ್ಲಿ ಕರಗಿತ್ತು. ರಸೀದಿಯಲ್ಲಿ ಶಶಿಕುಮಾರ್‌ನದೆಂದು ಹಾಕಿದ್ದ ಸಹಿಯನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಿದರು. ಸಂಜೆ 5.20ಕ್ಕೆ ದಸ್ತಗಿರಿ.

ಹೇಳಿಕೆ ಬರೆಸುವಾಗ ಶ್ಯಾಮಣ್ಣ ಅಂದದ್ದು ಇಷ್ಟು: "ಆ ಟೆಕ್ ಪಾರ್ಕ್ ನಮ್ಮ ರಾಗಿ ಹೊಲದ ಮೇಲೈತೆ. ಅಲ್ಲಿ ಕುಂತೋರು ಟೀ ಕುಡಿಯೋವಷ್ಟರಲ್ಲಿ ಫೋನಲ್ಲಿ ದುಡ್ಡು ಮಾಡ್ತಿದ್ರು. ಅವರಿಗೆ ಆಗೋದು ನಂಗ್ಯಾಕೆ ಆಗಲ್ಲ ಅಂದ್ಕೊಂಡೆ. ಸತ್ತೋನು ಕೇಳಕ್ಕೆ ಬರಲ್ಲ, ಒಬ್ಬನ ಲೆಕ್ಕ ಕಮ್ಮಿ ಆಗ್ಲಿ ಅಂತ..."

ಶೋಭಾರಾಣಿ ಯಮುನಾಳಿಗೆ ತಾವೇ ಫೋನ್ ಮಾಡಿದರು. "ದುಡ್ಡು ಬರೋದು ನಿಧಾನ ಕಣಮ್ಮ, ಪೂರ್ತಿ ಬರತ್ತೆ ಅನ್ನಲ್ಲ. ನಿಮ್ಮ ಯಜಮಾನರು ಏನೂ ಮುಚ್ಚಿಟ್ಟಿರ್ಲಿಲ್ಲ. ಮೈದುನನ ನಂಬರ್ ಕೊಡಿ, ಅವನಿಗೂ ನಾನೇ ಹೇಳ್ತೀನಿ."

ನವೆಂಬರ್ 28. ಯಮುನಾ ಏಣಿಯನ್ನು ಎತ್ತಿಕೊಂಡು ಶ್ಯಾಮಣ್ಣನ ಮನೆಯ ಗೇಟಿನಲ್ಲಿ ನಿಂತಳು. ಮರಿಯಮ್ಮ ಹೊಸ್ತಿಲು ತೊಳೆಯುತ್ತಿದ್ದರು.

"ಟ್ಯೂಬ್‌ಲೈಟ್ ಹಾಕೋಕೆ ಅಂತ ಅವರು ನಿಮ್ಮಿಂದ ತಂದಿದ್ರು."

"ಇವತ್ತು ಶುಕ್ರವಾರ..."

"ಗೊತ್ತು ಅಮ್ಮ. ಇದು ಒಳಗೆ ಬರೋದು."

ಮರಿಯಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಏಣಿಯ ಇನ್ನೊಂದು ತುದಿ ಹಿಡಿದರು.